ಕಂಬಳಿ ಹೊದ್ದ ಕೋಣೆ

ಇವತ್ತಿನಿಂದ ಊರಿನ ಬಸ್ಸುಗಳೆಲ್ಲ ತನ್ನ ಗಂಟಲಿನಿಂದ ಮಾತಾಡುತ್ತವೆ ಎಂಬ ಸಂಭ್ರಮದಲ್ಲಿ ಅವಳು ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡು ಮನೆಯಿಂದ ಹೊರಟುಬಿಟ್ಟಿದ್ದಳು. ಅದು ಕಣ್ಣಿಗೆ ಬಿದ್ದದ್ದು ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟು ಹಿಡಿದು, ತಲೆಯ ಮೇಲಿನ ಸ್ಪೀಕರಿನ ಕಡೆ ಕತ್ತೆತ್ತಿ ಕೂತ ಮೇಲೆ. ಎದುರಿನ ಹೆಂಗಸು ಅವಳ ಕಾಲುಗಳನ್ನೇ ನೋಡುತ್ತಿದ್ದಳು. ನೋಡಿಕೊಳ್ಳಲಿ. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಇದೇ ಹೆಂಗಸು ಕಿವಿಗೊಟ್ಟು ಕೇಳುತ್ತಾಳೆ: ಯಾರೂ ಇಲ್ಲದಾಗ ದನಿಗಳು ಕೇಳಿಸುತ್ತಿವೆಯೇ? ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನಿಸುತ್ತಿದೆಯೇ? ಇದು ಚಿಕಿತ್ಸೆ ಇರುವ ಕಾಯಿಲೆ. ಕಾಯಬೇಡಿ. ಇವತ್ತೇ ಮಾತಾಡಿ. ಆ 'ಇವತ್ತೇ' ಎಂಬಲ್ಲಿ ಒಂದು ಒತ್ತು ಬರಬೇಕಿತ್ತು. ಜೋರಾದರೆ ಗದರಿಸಿದಂತೆ, ಮೆತ್ತಗಾದರೆ ಸೋಪು ಮಾರಿದಂತೆ. ವಾರಗಟ್ಟಲೆ ಒದ್ದಾಡಿ, ಮನೆಯವರ ತಲೆ ತಿಂದು, ಕೊನೆಗೊಂದು ಮಧ್ಯಾಹ್ನ ಅದು ತಾನಾಗಿಯೇ ನಾಲಿಗೆಗೆ ಬಂದು ಕೂತಿತ್ತು. ಈಗ ಆ ಒತ್ತು ಬಸ್ಸಿನ ತಗಡಿನ ಡಬ್ಬಿಯೊಳಗಿಂದ ಹೇಗೆ ಕೇಳುತ್ತದೋ ಎಂದು ಅವಳು ಕಾಯುತ್ತಿದ್ದಳು.

ಯಾಕೆಂದರೆ ಇಷ್ಟು ವರ್ಷ ಅವಳು ಮಾಡಿದ್ದೆಲ್ಲ ಜನರನ್ನು ಕಾಯಿಸುವ ಕೆಲಸ. ಬ್ಯಾಂಕಿಗೋ ವಿಮೆಯವರಿಗೋ ಗ್ಯಾಸಿನವರಿಗೋ ಫೋನು ಮಾಡಿದರೆ 'ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಲೈನಿನಲ್ಲಿರಿ' ಎಂದು ಜೀವ ಹಿಂಡುವ ದನಿ ಅವಳದೇ. ಒಮ್ಮೆ ಔಷಧಿ ಅಂಗಡಿಯಲ್ಲಿ ಅವಳು ಬಾಯಿ ತೆರೆದು ತಲೆನೋವಿನ ಮಾತ್ರೆ ಕೇಳಿದ್ದೇ ತಡ, ಪಕ್ಕದಲ್ಲಿ ನಿಂತಿದ್ದ ಮನುಷ್ಯ ತಿರುಗಿ, ಗುರುತು ಹಚ್ಚಿ, 'ಓ ನೀವೇನಾ ಅದು' ಎಂದು ಹಲ್ಲು ಕಡಿದಿದ್ದ. ಚಿಕ್ಕಪ್ಪನಂತೂ ಅವಳು ಫೋನಿನಲ್ಲಿ ಹಲೋ ಎಂದರೆ ಸಾಕು, ಅಭ್ಯಾಸಬಲದಿಂದ ಇಟ್ಟುಬಿಡುತ್ತಿದ್ದ. ತಮ್ಮ ಒಬ್ಬನೇ ಅವಳ ದನಿಯನ್ನು ಹೆಮ್ಮೆಯಿಂದ ಆಡಿಕೊಂಡವನು. ಮೈಕು ಎಂದು ಹೆಸರಿಟ್ಟವನೂ ಅವನೇ. 'ಇಡೀ ಊರನ್ನ ಒಂದು ಕಾಲಲ್ಲಿ ನಿಲ್ಲಿಸೋ ತಾಕತ್ತು ನಮ್ಮ ಮೈಕಿಗಿದೆ' ಎಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ತೀಡುವ ಯಂತ್ರದ ಮುಂದೆ ಕೂತು, ಜೊತೆಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಅವನು ಆ ಕೆಲಸ ಬಿಟ್ಟ ದಿನ ಅವಳಿಗೆ ಈಗ ನೆನಪಾಯಿತು, ಬಸ್ಸು ಹೊಂಡಕ್ಕಿಳಿದು ಎದ್ದ ಹೊತ್ತಿಗೆ ಸರಿಯಾಗಿ. 'ಅಲ್ಲಿ ಎಲ್ಲರೂ ನನ್ನೇ ನೋಡ್ತಾರೆ' ಎಂದಿದ್ದ. 'ಕನ್ನಡಕದಂಗಡಿ ಕಣೋ, ನೋಡೋಕೇ ಬರೋದು' ಎಂದು ಅವಳು ಬಿದ್ದು ಬಿದ್ದು ನಕ್ಕಿದ್ದಳು. ಅವನು ನಕ್ಕಿರಲಿಲ್ಲ. ಒಳ್ಳೆಯ ಜೋಕು ಹಾಳಾಯಿತಲ್ಲ ಎಂದು ಅವಳಿಗೆ ಆಗ ಬೇಸರವಾಗಿತ್ತು.

ನಿಲ್ದಾಣ ಬಂತು, ಹೋಯಿತು. ಸ್ಪೀಕರು ಒಮ್ಮೆ ಗೊರ್ ಎಂದು ಗಂಟಲು ಸರಿಮಾಡಿಕೊಂಡಾಗ ಅವಳು ಅರ್ಧ ಎದ್ದೇ ನಿಂತಳು. ಬಂದದ್ದು ಬಾಗಿಲ ಬಳಿ ನಿಲ್ಲಬೇಡಿ ಎಂಬ ಹಳೆಯ ಗಂಡಸಿನ ದನಿ. 'ಇಳೀತೀರಾ?' ಎಂದು ಕಂಡಕ್ಟರು ಕೇಳಿದ. 'ಇಲ್ಲ, ಒಂದು ಪ್ರಕಟಣೆ ಬರಬೇಕಿತ್ತು' ಎಂದಳು. ಅವನು ಅವಳ ಮುಖ ನೋಡಿದ, ಚಪ್ಪಲಿ ನೋಡಿದ, ಮುಂದೆ ಹೋದ. ಅವನಿಗೆ ತಾನು ಹೇಗೆ ಕಂಡಿರಬಹುದು ಎಂದು ಹೊಳೆದು ಕೆನ್ನೆ ಬಿಸಿಯಾಯಿತು. ಇಳಿದು ಇನ್ನೊಂದು ಬಸ್ಸು ಹತ್ತಿದಳು. ಅದೂ ಮೂಗ. ಆದರೂ ಖುಷಿ ಇಳಿಯಲೊಲ್ಲದು. ಇಲ್ಲಿ ಬರದಿದ್ದರೇನು, ಬೇರೆ ಮಾರ್ಗದಲ್ಲಿ ಬರುತ್ತಿರಬಹುದು, ಈ ಗಳಿಗೆಯಲ್ಲಿಯೇ ಊರಿನ ಯಾವುದೋ ಮೂಲೆಯಲ್ಲಿ, ಮಗನ ಪಕ್ಕ ಕೂತ ಯಾವುದೋ ತಾಯಿ ತಲೆಯೆತ್ತಿ ನೋಡಿರಬಹುದು. ಈ ಪ್ರಕಟಣೆ ಮಾಡಿಸಿದ ಡಾಕ್ಟರಮ್ಮ ಸ್ಟುಡಿಯೋದಲ್ಲಿ ಹೇಳಿದ್ದು ಅದನ್ನೇ. ಜನ ವರ್ಷಗಟ್ಟಲೆ ಕಾದುಬಿಡುತ್ತಾರೆ, ಸೋಮಾರಿ ಅಂತಾರೆ, ವಯಸ್ಸಿನ ಹುಚ್ಚಾಟ ಅಂತಾರೆ, ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು, ನಿಮ್ಮ ದನಿ ಅವರನ್ನು ಎಬ್ಬಿಸಬೇಕು. ಅವಳು ತಲೆಯಾಡಿಸುತ್ತ, ಗಾಜಿನಾಚೆ ಕೂತು ದನಿ ಮುದ್ರಿಸುವ ಗುಂಡಿಯಣ್ಣನಿಗೆ ಉಸಿರಿನ ಸದ್ದು ಹಿಡಿಯುತ್ತಿದೆಯೋ ಇಲ್ಲವೋ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಗುಂಡಿ ತಿರುಗಿಸುತ್ತಲೇ ತಲೆ ನರೆತ ಅವನು ಹೆಬ್ಬೆರಳೆತ್ತಿ ತೋರಿಸಿದ್ದ.

ಈ ಕೆಲಸ ಅವಳ ಪಾಲಿಗೆ ಬಂದದ್ದೇ ತಮ್ಮನ ಕೋಣೆಯಿಂದ. ಕೆಲಸ ಬಿಟ್ಟ ಮೇಲೆ ಅವನು ಒಂದು ದಿನ ಮನೆಯ ಕಂಬಳಿಗಳನ್ನೆಲ್ಲ ಒಯ್ದು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಕಿಟಕಿಯ ಸಂದಿಗೆ ಹಳೇ ಬಟ್ಟೆ ತುರುಕಿದ, ಬಾಗಿಲ ಕೆಳಗೆ ದಿಂಬು ಒತ್ತಿದ. 'ಚಳಿಗೆ ಏನು ಹೊದೆಯೋದು, ಗೋಡೇನಾ?' ಎಂದು ಅಮ್ಮ ಕೂಗಾಡಿದಳು. ಅವಳು ಮಾತ್ರ ಒಳಗೆ ಹೋಗಿ ಒಂದು ಚಪ್ಪಾಳೆ ತಟ್ಟಿ ಬೆರಗಾಗಿ ನಿಂತಳು. ಗೋಡೆಗಳು ತಿರುಗಿ ಮಾತಾಡಲಿಲ್ಲ. ದನಿಯ ಕಸುಬಿನವರು ಇಂಥ ಕೋಣೆಗೆ ಎಷ್ಟು ಹಂಬಲಿಸುತ್ತಾರೆಂದು ಅವರಿಗೇ ಗೊತ್ತು. 'ನನಗೋಸ್ಕರ ಮಾಡಿದ್ಯೇನೋ?' ಎಂದು ಕೇಳಿದಳು. ಅವನು ತುಂಬ ಹೊತ್ತು ಅವಳನ್ನೇ ನೋಡಿ, 'ಹೊರಗಿಂದು ಒಳಗೆ ಬರಬಾರದು, ಅಷ್ಟೆ' ಎಂದ. ಅವಳಿಗೆ ಬೇಕಾದ್ದೂ ಅದೇ ಆಗಿತ್ತಾದ್ದರಿಂದ ಅವನ ತಲೆ ಸವರಿ, ಜಾಣ ನನ್ನ ತಮ್ಮ ಎಂದು ಮುದ್ದಾಡಿ, ಮಂಚದ ಮೇಲೆ ಅವನ ಪಕ್ಕದಲ್ಲೇ ಕೂತು ಮೊಬೈಲು ಹಿಡಿದು ಪ್ರಕಟಣೆಯ ಮಾದರಿ ಓದಿ ಕಳಿಸಿದಳು. ಯಾರೂ ಇಲ್ಲದಾಗ ದನಿಗಳು ಕೇಳಿಸುತ್ತಿವೆಯೇ? ಅವನು ಮೊಣಕಾಲಿಗೆ ಗಲ್ಲ ಊರಿ, ಅಲುಗದೆ ಕೂತು ಸಹಕರಿಸಿದ. 'ಎಷ್ಟು ಹತ್ತಿರದಿಂದ ಮಾತಾಡಿದ ಹಾಗಿದೆ' ಎಂದು ಡಾಕ್ಟರಮ್ಮ ಮೆಚ್ಚಿದ್ದು ಆ ಮಾದರಿಯನ್ನೇ. ಆಮೇಲೆ ಅಭ್ಯಾಸವೂ ಅಲ್ಲೇ ನಡೆಯಿತು. ಅವನನ್ನು ಆಚೆ ಕಳಿಸುವ ಪ್ರಶ್ನೆಯೇ ಇರಲಿಲ್ಲ, ಅವನು ಆಚೆ ಹೋಗುವುದೇ ಅಪರೂಪವಾಗಿತ್ತು. ಯಾವಾಗಲಾದರೂ ಹೊರಟರೂ ಅರ್ಧ ದಾರಿಯಲ್ಲೇ ಬಸ್ಸಿಳಿದು ಬೇಗ ವಾಪಸು.

ಮನೆ ತಲುಪಿದಾಗ ಅಮ್ಮ ಪಕ್ಕದ ಮನೆಯ ಟೈಲರಮ್ಮನನ್ನು ಕೂರಿಸಿಕೊಂಡು ಕಾಯುತ್ತಿದ್ದಳು. ಅಮ್ಮನಿಗೆ ಒಂದು ವಿಷಯ ಗೊತ್ತಾದರೆ ಓಣಿಗೇ ಗೊತ್ತಾದ ಹಾಗೆ. 'ಬಂತಾ?' ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಅವಳು ಚಪ್ಪಲಿ ಬಿಡುತ್ತ, ನಾನು ಹತ್ತಿದ ಬಸ್ಸಲ್ಲಿ ಬರಲಿಲ್ಲ ಎಂದಳು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವರಂತೆ ತುಟಿ ಬಿಗಿಹಿಡಿದು ಕರುಣೆ ತೋರಿಸಿದಳು. ಆ ಕರುಣೆಗೆ ಅವಳು ಕುಗ್ಗಿ ಹೋಗುತ್ತಿದ್ದಳು, ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ತಮ್ಮ ಹೊಸ್ತಿಲಲ್ಲಿ ನಿಂತಿದ್ದ, ಗಡ್ಡ ಬಿಟ್ಟ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ನಗು.

'ನಾನು ಕೇಳ್ದೆ, ಮೈಕು.'

'ಹೌದಾ! ಯಾವಾಗ? ಯಾವ ಬಸ್ಸಲ್ಲೋ?'

'ಎಲ್ಲಾ ಬಸ್ಸಲ್ಲೂ. ಬರ್ತಾನೇ ಇರುತ್ತೆ.'

ಅವಳು ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು. ಹೇಗಿತ್ತು, ಹೇಳು, ಎಲ್ಲರಿಗೂ ಕೇಳೋ ಹಾಗೆ ಹೇಳು. ಅವನು ಕಣ್ಣು ಮುಚ್ಚಿ ಅಷ್ಟನ್ನೂ ಒಪ್ಪಿಸಿದ, ಒಂದಕ್ಷರ ತಪ್ಪದೆ, 'ಇವತ್ತೇ' ಎಂಬಲ್ಲಿ ಅವಳ ಆ ಒತ್ತಿನ ಸಮೇತ. ಟೈಲರಮ್ಮ ಚಪ್ಪಾಳೆ ತಟ್ಟಿದಳು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಮಗಳ ದನಿ ಬಸ್ಸು ಹತ್ತಿದ್ದಕ್ಕೋ ಮಗ ನಾಲ್ಕು ಮಾತಾಡಿದ್ದಕ್ಕೋ. ಅವಳಿಗಂತೂ ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಇಂಥ ಖುಷಿಯನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಅವನು ಅವಳನ್ನು ಮೆಲ್ಲಗೆ ಒಳಗೆಳೆದು, ಬಾಗಿಲು ಒರಗಿಸಿ, ದನಿ ತಗ್ಗಿಸಿದ.

'ಆಮೇಲೆ ನನಗೆ ಅಂತ ಬೇರೆ ಹೇಳಿದ್ಯಲ್ಲ, ಅದಕ್ಕೆ ಥ್ಯಾಂಕ್ಸ್ ಕಣೇ.'

'ಏನು ಹೇಳ್ದೆ?'

'ಟೋಪಿಯೋನು ನಿನ್ನ ಹಿಂದೇನೇ ಹತ್ತಿದಾನೆ, ಇಳಿದುಬಿಡು ಅಂತ. ಇಳಿದ್ಬಿಟ್ಟೆ. ಇಲ್ದಿದ್ರೆ ಏನಾಗ್ತಿತ್ತು ಗೊತ್ತಲ್ಲ.'

ಮತ್ತು ಕಣ್ಣು ಮಿಟುಕಿಸಿದ, ಇಬ್ಬರಿಗೂ ಗೊತ್ತಿರುವ ಗುಟ್ಟು ಎಂಬಂತೆ.

ಅವಳಿಗೆ ಮೊದಲು ಬಂದದ್ದು ಸಿಟ್ಟು, ಅದೂ ಬೇರೆಯವರ ಮೇಲೆ. ನಾಚಿಕೆಯ ವಿಷಯ, ಆದರೆ ನಿಜ. ಯಾರೋ ತನ್ನ ಓದಿನ ಮಧ್ಯೆ ಇನ್ನೊಂದು ಸಾಲು ತುರುಕಿದ್ದಾರೆ, ಬೇರೆ ಯಾರ ಕೈಯಲ್ಲೋ ಹೇಳಿಸಿ ತನ್ನ ದನಿಗೆ ಅಂಟಿಸಿದ್ದಾರೆ, ಕೇಳದೆ ಹೀಗೆ ಮಾಡಲು ಅವರಿಗೆಷ್ಟು ಧೈರ್ಯ. ಬಚ್ಚಲಿಗೆ ಹೋಗಿ ಗುಂಡಿಯಣ್ಣನಿಗೆ ಫೋನು ಮಾಡಿದಳು. 'ಅಣ್ಣಾ, ಬಸ್ಸಲ್ಲಿ ಬರ್ತಿರೋದರಲ್ಲಿ ಟೋಪಿ ವಿಷಯ ಏನಾದ್ರೂ ಸೇರಿಸಿದ್ರಾ?' ಆ ಕಡೆ ಅವನು ಏನೋ ಅಗಿಯುತ್ತಿದ್ದ. 'ಬಸ್ಸಲ್ಲಾ? ಬಸ್ಸಿಗೆ ನಿನ್ನ ದನಿ ಇನ್ನೂ ಹತ್ತೇ ಇಲ್ಲ ಕಣಮ್ಮ. ಅವರ ಕಂಪ್ಯೂಟರ್ ಕೈಕೊಟ್ಟಿದೆಯಂತೆ, ಮುಂದಿನ ವಾರ ಅಂದ್ರು. ನಿನಗೆ ಹೇಳೋದು ಮರೆತೇಬಿಟ್ಟೆ ನೋಡು. ಯಾಕೆ, ಯಾರಾದ್ರೂ ಕೇಳಿದೆ ಅಂದ್ರಾ?' ಯಾರೂ ಇಲ್ಲ ಎಂದು ಅವಳು ಫೋನಿಟ್ಟಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ಹಾಗಾದರೆ ಬೆಳಿಗ್ಗೆ ಬಸ್ಸುಗಳು ಮೂಕವಾಗಿದ್ದುದು ತನ್ನ ದೋಷವಲ್ಲ ಎಂದು ಒಂದು ಸಮಾಧಾನ ಮೂಡಿತು, ಅದು ಮೂಡಿದ ಮರುಗಳಿಗೆಗೇ ತಮ್ಮ ಕೇಳಿದ್ದು ಮತ್ತೇನನ್ನು ಎಂದು ಹೊಳೆಯಿತು. ವಾರಗಟ್ಟಲೆ ಒಂದೇ ಒಂದು ಪುಟವನ್ನು ಓದಿದ್ದಳು. ಉಸಿರು ಎಲ್ಲಿ, ನಿಲುಗಡೆ ಎಲ್ಲಿ, ಒತ್ತು ಎಲ್ಲಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಆ ಪುಟದಲ್ಲಿ ಏನು ಬರೆದಿತ್ತೆಂದು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಅದು ಯಾರ ಪಕ್ಕದಲ್ಲಿ ಕೂತು ಓದಿದ್ದೆಂದೂ ನೋಡಿರಲಿಲ್ಲ. ಗೋಡೆಗೆ ಕಂಬಳಿ ಕಟ್ಟಿಕೊಂಡ ಹುಡುಗನ ಮುಂದೆ ಕೂತು, ನಿಮ್ಮ ಮನೆಯಲ್ಲಿ ಯಾರಾದರೂ ಹೀಗಿದ್ದಾರೆಯೇ ಎಂದು ಊರನ್ನೆಲ್ಲ ಕೇಳುವುದಕ್ಕೆ ರಿಹರ್ಸಲ್ ಮಾಡಿದ್ದಳು. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಬದಲಿಗೆ ಡಾಕ್ಟರಮ್ಮನ ನಂಬರು ಒತ್ತಿದಳು.

ಡಾಕ್ಟರಮ್ಮ ದನಿ ಹಿಡಿದೇ ಗುರುತಿಸಿ ನಕ್ಕರು. 'ಗೊತ್ತಾಯ್ತು ಬಿಡಿ, ಬಸ್ಸಿನ ವಿಷಯ ತಾನೆ? ಮುಂದಿನ ವಾರ ಬರುತ್ತೆ, ಸ್ವಲ್ಪ ತಾಳ್ಮೆ.' ಹೆಸರಿಗೆ ಹಪಹಪಿಸುವವಳು ಎಂದು ಇವರೂ ತಿಳಿದಿದ್ದಾರೆ, ತಿಳಿದಿದ್ದು ತಪ್ಪೂ ಅಲ್ಲ. 'ಅದಕ್ಕಲ್ಲ ಮೇಡಂ. ನನ್ನ ತಮ್ಮ' ಎಂದು ಶುರುಮಾಡಿ, ಬಸ್ಸಿನಲ್ಲಿ ಅವನಿಗೆ ಕೇಳಿದ್ದನ್ನು ಹೇಳಿದಳು. ಆ ಕಡೆಯ ನಗು ನಿಂತುಹೋಗಿ ಪ್ರಶ್ನೆಗಳು ಬಂದವು, ಒಂದೊಂದಾಗಿ, ಅವಸರವಿಲ್ಲದೆ. ನಿದ್ದೆ ಮಾಡ್ತಾನಾ? ಊಟ? ಯಾರನ್ನಾದರೂ ಕಂಡರೆ ಹೆದರಿಕೆಯಾ? ಎಷ್ಟು ದಿನದಿಂದ? ಕಂಬಳಿ ಕಟ್ಟಿದಾಗಿನಿಂದ ಇರಬೇಕು ಎಂದಳು, ಎರಡು ತಿಂಗಳಾಗಿರಬಹುದು. ಹೇಳುವಾಗ ಬೈಗುಳಕ್ಕೆ ಕಾದಿದ್ದಳು. ಡಾಕ್ಟರಮ್ಮ, 'ಬೇಗ ಕರೆದಿದ್ದೀರಿ' ಎಂದರು. ಬೇಗ! ಆ ಮಾತು ಕಿವಿಗೆ ಬಿದ್ದದ್ದೇ ಅವಳೊಳಗೆ ಏನೋ ದಡಬಡಿಸಿ ಎದ್ದು ನಿಂತಿತು. ಬೇಗ, ಇನ್ನೂ ಬೇಗ, ಇನ್ನೂ ಹೊತ್ತು ಮೀರಿಲ್ಲ. 'ಇವತ್ತೇ ಕರ್ಕೊಂಡು ಬನ್ನಿ, ನಾನಿರ್ತೀನಿ. ಬಲವಂತ ಬೇಡ. ಅವನಿಗೆ ಕೇಳಿದ್ದು ಸುಳ್ಳು ಅಂತ ವಾದ ಮಾಡಬೇಡಿ, ಹೌದು ಅಂತ ತಾಳ ಹಾಕಲೂ ಬೇಡಿ. ನಿಮಗೆ ಗೊತ್ತಿರೋದನ್ನಷ್ಟೇ ಹೇಳಿ.'

ಅಮ್ಮ ಬಚ್ಚಲ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಟೈಲರಮ್ಮನನ್ನು ಆಗಲೇ ಸಾಗಹಾಕಿದ್ದಳು, ಆ ಮಟ್ಟಿನ ಚುರುಕು ಅಮ್ಮನಿಗುಂಟು. 'ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲ' ಎಂದಳು. 'ನಿದ್ದೆಗೆಟ್ಟು ಹಾಗಾಡ್ತಾನೆ. ಬಿಸಿಬಿಸಿ ಉಂಡು ಮಲಗಿದ್ರೆ ಸರಿಹೋಗುತ್ತೆ. ಖುಷಿಯ ದಿನ, ಇವತ್ತು ಬೇಡ ಕಣೆ.' ಇವತ್ತೇ ಅಮ್ಮ ಎಂದು ಅವಳು ಬಾಯಿಬಿಟ್ಟಾಗ ಯಾವ ಒತ್ತೂ ಬರಲಿಲ್ಲ, ಬರೀ ಕೀರಲು ದನಿ ಬಂತು. ಅಮ್ಮ ಆ ಕೀರಲಿಗೆ ಬೆಚ್ಚಿ ಮಗಳ ಮುಖ ನೋಡಿದಳು, ನೋಡುತ್ತ ನೋಡುತ್ತ ಅಮ್ಮನ ಮೊಂಡುತನ ಕರಗಿತು. ಗೋಡೆ ಹಿಡಿದು ಕೂತುಬಿಟ್ಟು ಅಮ್ಮನೇ ಉಪಾಯ ಹೇಳಿದಳು. 'ಅವನಿಗೆ ಬಸ್ಸಿನಲ್ಲಿ ನಿನ್ನ ಮಾತು ಕೇಳುತ್ತೆ ತಾನೆ? ಇಳಿ ಅಂದ್ರೆ ಇಳೀತಾನೆ ತಾನೆ? ಹಾಗೇ ಬಾಗಿಲಾಚೆ ನಿಂತ್ಕೊಂಡು ಆ ದನೀಲಿ ಹೇಳು. ಆಸ್ಪತ್ರೆಗೆ ಹೋಗು ಅಂತ. ಕುರಿಮರಿ ಹಾಗೆ ಹೊರಡ್ತಾನೆ.'

ಎಷ್ಟು ಸುಲಭವಾಗಿತ್ತು ಅದು. ಅವಳು ಬಾಗಿಲಿಗೆ ಹೋಗಿ ನಿಂತದ್ದೂ ನಿಜ, ಹೊಟ್ಟೆಯಿಂದ ಉಸಿರೆಳೆದು, ಹೆಗಲು ಸಡಿಲಿಸಿ, ಗಲ್ಲ ತುಸು ಕೆಳಗಿಳಿಸಿದ್ದೂ ನಿಜ. ದನಿ ಸಿದ್ಧವಾಗಿತ್ತು, ಎಣ್ಣೆ ಹಾಕಿದ ಹಾಗೆ ನುಣ್ಣಗೆ. ಬಂದು ಹೋಗುವ ಗಿರಾಕಿಗಳಿಗೆಲ್ಲ ಕೊಟ್ಟ ದನಿಯನ್ನು ಒಡಹುಟ್ಟಿದವನಿಗೆ ಒಂದು ಸಲ ಕೊಟ್ಟರೆ ಏನು ಗಂಟು ಹೋಗುತ್ತದೆ? ಆದರೆ ಇವತ್ತು ಆ ದನಿ ಅವನನ್ನು ಆಸ್ಪತ್ರೆಗೆ ನಡೆಸಿದರೆ ನಾಳೆ ಅದೇ ದನಿ ಬೇರೆಲ್ಲಿಗೋ ನಡೆ ಎನ್ನುತ್ತದೆ, ಮತ್ತು ಅವನು ನಡೆಯುತ್ತಾನೆ, ಆಗ ತಡೆಯಲು ಅವಳ ಹತ್ತಿರ ಯಾವ ದನಿ ಉಳಿದಿರುತ್ತದೆ? ಎಳೆದುಕೊಂಡ ಉಸಿರನ್ನು ಹಾಗೆಯೇ ಬಿಟ್ಟಳು. ಬಾಗಿಲು ತಳ್ಳಿದಳು, ದಿಂಬು ಅಡ್ಡ ಬಂತು, ಕಾಲಿನಿಂದ ಸರಿಸಿದಳು. ಅವನು ಮಂಚದ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಕೂತಳು. ಕಂಬಳಿಗಳ ಆ ಮುಗ್ಗಲು ವಾಸನೆ ಇಷ್ಟು ದಿನ ತನ್ನ ಮೂಗಿಗೆ ಹೇಗೆ ಬಡಿದಿರಲಿಲ್ಲ?

'ಬಸ್ಸಲ್ಲಿ ನಿನಗೆ ಹೇಳಿದ್ದು ನಾನಲ್ಲ ಕಣೋ' ಎಂದಳು. ದನಿ ಒಡೆದಿತ್ತು, ಮೂಗು ಸೋರುತ್ತಿತ್ತು, ಗುಂಡಿಯಣ್ಣ ಕೇಳಿದ್ದರೆ ಎದ್ದು ಆಚೆ ಕಳಿಸುತ್ತಿದ್ದ.

'ನೀನೇ. ನಿನ್ನ ದನಿ ನನಗೆ ಗೊತ್ತಿಲ್ವಾ?'

'ನಿನಗೆ ಕೇಳಲಿಲ್ಲ ಅಂತ ನಾನು ಹೇಳ್ತಿಲ್ಲ. ನಾನು ಹೇಳಿಲ್ಲ, ಅಷ್ಟೆ. ಬಸ್ಸಿಗೆ ನನ್ನ ದನಿ ಇನ್ನೂ ಬಂದೇ ಇಲ್ಲ. ಈಗ ಫೋನ್ ಮಾಡಿ ಕೇಳ್ದೆ.'

ಅವನು ಸರಿದು ಕೂತ. ಸ್ವಲ್ಪವೇ ಸ್ವಲ್ಪ, ಆದರೆ ಸರಿದ. ಮುಗಿಯಿತು, ಈಗ ತಾನೂ ಟೋಪಿಯವನ ಕಡೆಯವಳಾದೆ, ಅವನು ನಂಬಿದ್ದ ಒಂದೇ ಒಂದು ಎಳೆಯನ್ನು ತನ್ನ ಕೈಯಾರೆ ಹರಿದೆ, ಇನ್ನು ಈ ಬಾಗಿಲು ಮುಚ್ಚಿದರೆ ತೆರೆಯುವುದಿಲ್ಲ. ಅಮ್ಮ ಹೇಳಿದ ಹಾಗೆ ಮಾಡಬೇಕಿತ್ತು. ಅವನು ಗೋಡೆಯ ಕಡೆ ನೋಡುತ್ತಿದ್ದ, ತುಟಿ ಅಲುಗುತ್ತಿತ್ತು, ಲೆಕ್ಕ ತಪ್ಪಿದ ಮಕ್ಕಳು ಮತ್ತೆ ಮೊದಲಿನಿಂದ ಎಣಿಸುವ ಹಾಗೆ.

'ಒಂದೂ ನೀನಲ್ವಾ?'

'ಒಂದೂ ನಾನಲ್ಲ.'

'ರಾತ್ರಿ ಹೊತ್ತು ಹೇಳೋದು?'

'ರಾತ್ರಿ ನಾನು ಗೊರಕೆ ಹೊಡೀತಿರ್ತೀನಿ. ಅಮ್ಮನ್ನ ಕೇಳು.'

ಅವನು ನಗಲಿಲ್ಲ. 'ನೀನಿದ್ರೆ ನಮಗೆ ಉಸಿರು ಕಟ್ಟುತ್ತೆ, ಎಲ್ಲಾದ್ರೂ ಹೋಗಿ ಸಾಯಿ ಅಂತ?' ಎಂದು ಕೇಳಿದ. 'ಅದು ಕೇಳಬಾರದು ಅಂತಾನೇ ಇದನ್ನೆಲ್ಲ ಕಟ್ಟಿದ್ದು. ಆದ್ರೂ ನೀನು ಒಳಗೇ ಬಂದು ಕೂತ್ಕೊಂಡೆ. ಇಳಿ ಅಂತ ಕಾಪಾಡಿದಾಗ, ಓ ಇನ್ನೂ ಸ್ವಲ್ಪ ಪ್ರೀತಿ ಇದೆ ಅಂತ ಅಂದ್ಕೊಂಡೆ. ಅದೂ ನೀನಲ್ವಾ?'

ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. 'ಹೋಗು ಅಂತ ನಾನು ಯಾವತ್ತೂ ಅಂದಿಲ್ಲ. ಅನ್ನೋದೂ ಇಲ್ಲ. ನೀನಿಲ್ದೆ ನನಗೆ ಆಗಲ್ಲ. ನನ್ನ ಬಾಯಿ ನೋಡು, ಇದು ನಾನು ಹೇಳ್ತಿರೋದು.' ಅವನು ನೋಡಿದ. ಅವಳ ತುಟಿಗಳನ್ನೇ, ಕಿವುಡರು ನೋಡುವ ಹಾಗೆ, ಕಣ್ಣು ಕಿರಿದು ಮಾಡಿ ನೋಡಿದ. 'ಇನ್ನೊಂದ್ಸಲ ಹೇಳು' ಎಂದ. ಹೇಳಿದಳು. 'ಇನ್ನೊಂದ್ಸಲ.' ಹೇಳಿದಳು. ಹೇಳಿದಷ್ಟೂ ಅವಳ ದನಿ ಕೆಡುತ್ತ ಹೋಯಿತು, ಹೇಳಿದಷ್ಟೂ ಅವನ ಹುಬ್ಬುಗಳ ಗಂಟು ಬಿಚ್ಚುತ್ತ ಹೋಯಿತು. 'ಹಾಗಾದ್ರೆ ಯಾರು ಹೇಳ್ತಿರೋದು?' ಎಂದು ಕೇಳಿದ. ನನಗೆ ಗೊತ್ತಿಲ್ಲ, ಗೊತ್ತಿರೋರೊಬ್ಬರು ಇದ್ದಾರೆ, ಈಗಲೇ ಬಾ ಅಂದಿದ್ದಾರೆ, ಜೊತೆಗೆ ನಾನಿರ್ತೀನಿ, ಕೇಳಿಬರೋಣ ಎಂದಳು.

ಅವನು ಸಟ್ಟನೆ ಎದ್ದು, ದಿಂಬು ದಾಟಿ, ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದ. ಅಮ್ಮ ಅಲ್ಲೇ ಗೋಡೆ ಹಿಡಿದು ಕೂತಿದ್ದಳು, ಗಾಬರಿಯಿಂದ ತಲೆಯೆತ್ತಿದಳು. ಅವನ ಮುಖ ಪರೀಕ್ಷೆ ಪಾಸಾದ ಹುಡುಗನದಾಗಿತ್ತು, ಓಣಿಗೆಲ್ಲ ಕೇಳುವಂತೆ ಕೂಗಿದ:

'ಅಮ್ಮಾ, ಅಕ್ಕ ಅಲ್ವಂತೆ! ಸಾಯಿ ಅಂದಿದ್ದು ಅಕ್ಕ ಅಲ್ವಂತೆ ಕಣಮ್ಮಾ!'